ರಜೆ ಮುಗಿದ ಮೇಲೆ ಬನ್ನಿ

ರಜೆ ಶುರುವಾಗಿ ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ಅವಳಿಗೆ ಎಲ್ಲೋ ಒಲೆ ಆರಿಸದೆ ಬಂದುಬಿಟ್ಟಿದ್ದೇನೆ ಎನ್ನುವಂಥ ಕಸಿವಿಸಿ. ಎದ್ದು ಹೋಗಿ ಒಲೆ ನೋಡುವಳು, ಆರಿರುತ್ತಿತ್ತು. ನಲ್ಲಿ ನೋಡುವಳು, ಬಿಗಿಯಾಗಿರುತ್ತಿತ್ತು. ಬಾಗಿಲ ಚಿಲಕ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು, ಮಗಳ ಕೋಣೆಯ ಹೀಟರು ಎಲ್ಲವೂ ಇರಬೇಕಾದ ಹಾಗೆಯೇ ಇದ್ದವು. ‘ರಜೆ ಬಂದ್ರೆ ನಿನಗೆ ಕೈಕಾಲೇ ಆಡಲ್ಲ ನೋಡು,’ ಎಂದು ಗಂಡ ನಕ್ಕಿದ್ದ. ಅವನು ಶಾಲೆಯಲ್ಲಿ ರೇಖಾಗಣಿತ ಕಲಿಸುವವನು. ರಜೆಯೆಂದರೆ ಅವನಿಗೆ ಗಡ್ಡ ಬೋಳಿಸದಿರುವುದು, ಎರಡು ಸಲ ಚಹಾ ಕುಡಿದ ಮೇಲೂ ಕಂಬಳಿ ಬಿಡದಿರುವುದು. ಕಿಟಕಿಯ ಹೊರಗೆ ಬೆಳಿಗ್ಗೆಯ ಮಂಜು ಮಧ್ಯಾಹ್ನವಾದರೂ ಎದ್ದು ಹೋಗಿರಲಿಲ್ಲ. ಎದುರು ಮನೆಯ ಮೆಟ್ಟಿಲು ಅರ್ಧ ಕಾಣುತ್ತಿತ್ತು, ಮಿಕ್ಕರ್ಧವನ್ನು ಯಾರೋ ಬಟ್ಟೆಯಲ್ಲಿ ಒರೆಸಿ ಹಾಕಿದಂತಿತ್ತು. ಅವಳು ಆ ಒರೆಸಿದ ಜಾಗವನ್ನೇ ನೋಡುತ್ತ ಮೊಟ್ಟೆ ಸುಲಿಯುತ್ತಿದ್ದಳು. ಸಿಪ್ಪೆಯ ಒಂದು ಚೂರು ಉಗುರಿನ ಸಂದಿಗೆ ಚುಚ್ಚಿಕೊಂಡಿತು. ಮನೋವೈದ್ಯರ ಕ್ಲಿನಿಕ್ಕಿನ ಮುಂಗಟ್ಟೆಯಲ್ಲಿ ಕೂತು ಬಂದವರಿಗೆಲ್ಲ ಸರದಿಯ ಚೀಟಿ ಕೊಡುವುದು ಅವಳ ಕೆಲಸ. ಹದಿನಾರು ವರ್ಷದಿಂದ ಕೊಡುತ್ತಿದ್ದಾಳೆ. ರೋಗಿಗಳು ಅವಳನ್ನು ಚೀಟಿಯಮ್ಮ ಎನ್ನುತ್ತಾರೆ. ವರ್ಷದ ಕೊನೆಗೆ ಕ್ಲಿನಿಕ್ಕು ಹತ್ತು ದಿನ ಮುಚ್ಚುತ್ತದೆ. ಆ ಹತ್ತು ದಿನಕ್ಕೆ ಅವಳ ಕೈಗೆ ಮೊಟ್ಟೆ ಸಿಪ್ಪೆಯಂಥ ಕೆಲಸಗಳು.

ಊಟಕ್ಕೆ ನಾದಿನಿ ತನ್ನ ಗಂಡನನ್ನು ಕಟ್ಟಿಕೊಂಡು ಬಂದಿದ್ದಳು. ಬಿಸಿ ಸೂಪಿನ ಹಬೆಗೆ ಎಲ್ಲರ ಕನ್ನಡಕವೂ ಮಸುಕಾಗಿ, ಎಲ್ಲರೂ ಒಟ್ಟಿಗೆ ಕನ್ನಡಕ ತೆಗೆದು ಒರೆಸಿಕೊಂಡು, ಅದಕ್ಕೂ ಒಂದು ಸಲ ನಕ್ಕರು. ನಗು ಹಾಗೆಯೇ ಉಳಿದಿರಲಿ ಎನ್ನುವಂತೆ ನಾದಿನಿ ಕೇಳಿದಳು: ‘ಅತ್ತಿಗೆ, ನಿಮ್ಮ ಕ್ಲಿನಿಕ್ಕಿನ ಹೊಸ ಕಥೆ ಏನೂ ಇಲ್ವಾ?’

‘ಅಮ್ಮಾ, ಆ ಹೊಟ್ಟೆ ಸೀಳೋರ ಥರ ಮಾಡು. ಅತ್ತೆ ನೋಡಿಲ್ಲ,’ ಎಂದಳು ಮಗಳು.

ಬೇಡ ಎಂದಳು. ಬೇಡ ಎನ್ನುತ್ತಲೇ ಕುರ್ಚಿ ಹಿಂದಕ್ಕೆ ಸರಿಸಿದ್ದಳು. ಇನ್ನೊಬ್ಬರ ಹಾಗೆ ನಡೆಯುವುದು, ಇನ್ನೊಬ್ಬರ ದನಿ ತೆಗೆಯುವುದು ಅವಳಿಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಏಳು ವರ್ಷದವಳಾಗಿದ್ದಾಗ ಅಜ್ಜಿಯ ಕುಂಟು ನಡಿಗೆಯನ್ನು ಮಾಡಿ ತೋರಿಸಿ ಮನೆಮಂದಿಯನ್ನೆಲ್ಲ ನಗಿಸಿದ್ದಳು; ತಿರುಗಿ ನೋಡಿದರೆ ಅಜ್ಜಿ ಪರದೆಯ ಹಿಂದೆ ನಿಂತಿದ್ದಳು. ಅವತ್ತಿನಿಂದ ಅಜ್ಜಿ ಅವಳ ಎದುರಿಗೆ ನಡೆಯುವುದನ್ನೇ ಬಿಟ್ಟಳು. ಮೊಮ್ಮಗಳು ಕೋಣೆಯಿಂದ ಹೊರಗೆ ಹೋಗುವ ತನಕ ಕೂತಲ್ಲೇ ಕೂತಿರುತ್ತಿದ್ದಳು, ಬಚ್ಚಲಿಗೆ ಅವಸರವಾದರೂ ಕೂಡ. ಅದನ್ನು ಅವಳು ಯಾರಿಗೂ ಹೇಳಿಲ್ಲ. ಈಗ ಎದ್ದು ನಿಂತು ಸ್ವೆಟರಿನ ಗುಂಡಿಗಳನ್ನು ಒಂದು ತಪ್ಪಿಸಿ ಒಂದಕ್ಕೆ ಹಾಕಿಕೊಂಡಳು, ಬೆನ್ನನ್ನು ಸ್ವಲ್ಪ ಬಾಗಿಸಿದಳು, ಬಲಗೈಯ ತೋರುಬೆರಳನ್ನು ಎತ್ತಿದಳು. ಗುಂಡಿ ತಪ್ಪಿದ ಕೋಟು ಹಾಕಿಕೊಂಡು ಬರುವ ಆ ಮನುಷ್ಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಕ್ಲಿನಿಕ್ಕು ಮುಚ್ಚುವ ದಿನ ಸಂಜೆ, ಕೊನೆಯ ರೋಗಿಯೂ ಹೋಗಿ ಅವಳು ದೀಪ ಆರಿಸುತ್ತಿರುವಾಗ ಬಂದಿದ್ದರು. ಮೇಜಿನ ಮೇಲೆ ಒಂದು ಕರಪತ್ರವಿತ್ತು, ‘ರಜೆಯ ದಿನಗಳಲ್ಲಿ ನಿಮ್ಮ ಮನಸ್ಸಿನ ಆರೈಕೆ’ ಎಂದು. ಹೊತ್ತಿಗೆ ಸರಿಯಾಗಿ ಮಲಗಿ, ಬಿಸಿಲಿನಲ್ಲಿ ಅಡ್ಡಾಡಿ, ಆಪ್ತರೊಡನೆ ಮಾತಾಡಿ ಎಂದು ಡಾಕ್ಟರು ಹೇಳಿದ್ದನ್ನು ಅವಳೇ ಟೈಪು ಮಾಡಿದ್ದಳು. ಅವರು ಅದನ್ನು ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟಿದ್ದರು. ‘ಬಯ ಹೆಚ್ಚಾದರೆ ಒಬ್ಬರೇ ಇರಬೇಡಿ’ ಎಂದಿತ್ತು ಅಲ್ಲಿ.

‘ಭಯಕ್ಕೆ. ಹೊಟ್ಟೆ. ಸೀಳಬೇಕಮ್ಮ,’ ಎಂದಳು ಅವಳು, ಅವರ ಸಣ್ಣ ದನಿಯಲ್ಲಿ, ಒಂದೊಂದು ಪದಕ್ಕೂ ಒಂದೊಂದು ಚುಕ್ಕಿ ಇಟ್ಟು.

ನಾದಿನಿ ಸೂಪು ನೆತ್ತಿಗೇರಿ ಕೆಮ್ಮಿದಳು. ನಾದಿನಿಯ ಗಂಡ, ‘ಅಯ್ಯೋ, ನಮ್ಮ ಒಂದನೇ ಕ್ಲಾಸಿನ ಮೇಷ್ಟ್ರು ಹಿಂಗೇ ಹೇಳ್ತಿದ್ರು. ಹೊಟ್ಟೆ ಸೀಳೋ ಮುಂಡೇದೇ ಅಂತ ಕಿವಿ ಹಿಂಡ್ತಿದ್ರು,’ ಎಂದು ಗಾಳಿಯಲ್ಲಿ ಮಹಾಪ್ರಾಣದ ಗೀಟು ಎಳೆದು ತೋರಿಸಿದ. ಎಲ್ಲರೂ ನಕ್ಕರು. ಮೊದಲ ಸಲ ಮನೆಯಲ್ಲಿ ಮಾಡಿ ತೋರಿಸಿದಾಗ ಅವಳು ಇಲ್ಲಿಗೇ ನಿಲ್ಲಿಸಿದ್ದಳು. ಆಮೇಲಿನದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಇವತ್ತು ನಗು ಜೋರಾಗಿದ್ದುದರಿಂದಲೋ ಏನೋ ನಿಲ್ಲಿಸಲಾಗಲಿಲ್ಲ. ಎಡಗೈ ತಾನಾಗಿ ಊಟದ ಮೇಜಿನ ಅಂಚನ್ನು ಹಿಡಿದುಕೊಂಡಿತು. ಅವರು ಹಾಗೆಯೇ ಹಿಡಿದುಕೊಂಡಿದ್ದರು. ‘ಡಾಕ್ಟರ ಹತ್ರ. ಎರಡು ನಿಮಿಷ. ಸಿಗುತ್ತಾ?’ ಎಂದಳು. ಗಂಡ ಇನ್ನೂ ನಗುತ್ತಿದ್ದ. ಅವತ್ತು ಅವಳು ಗೋಡೆಯ ಗಡಿಯಾರ ನೋಡಿದ್ದಳು. ಡಾಕ್ಟರು ಒಳಗೇ ಇದ್ದರು, ಕೋಟು ಹಾಕಿಕೊಳ್ಳುತ್ತಿದ್ದರು, ಅವರ ಕೀಲಿಗೊಂಚಲಿನ ಸದ್ದು ಕೇಳುತ್ತಿತ್ತು. ‘ರಜೆ ಮುಗಿದ ಮೇಲೆ ಬನ್ನಿ ಸಾರ್,’ ಎಂದಿದ್ದಳು. ಅವರು ತಲೆಯಾಡಿಸಿ, ಕೋಟಿನ ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು ಬ ಅಕ್ಷರದ ಕೆಳಗೆ ಒಂದು ಗೀಟು ಎಳೆದು, ಕರಪತ್ರವನ್ನು ನಾಲ್ಕು ಮಡಿಕೆ ಮಾಡಿದ್ದರು. ‘ಸರಿ. ಹೋಗ್ತೀನಿ,’ ಎಂದಳು ಈಗ ಅವಳು, ಅವರ ದನಿಯಲ್ಲಿ.

ಹಾಗೆಂದದ್ದೇ ತಡ, ಅವರು ಅವತ್ತು ಅಂದ ಆ ಮಾತು ಅವಳ ಕಿವಿಗೇ ಚುಚ್ಚಿತು. ಬರ್ತೀನಿ ಅನ್ನಲಿಲ್ಲ. ಯಾರೇ ಆಗಲಿ ಹೊರಡುವಾಗ ಬರ್ತೀನಿ ಅಂತಾರೆ. ಜಗಳವಾಡಿ ಎದ್ದು ಹೋಗುವವರೂ ಬಾಯಿತಪ್ಪಿ ಬರ್ತೀನಿ ಅಂದುಬಿಡುತ್ತಾರೆ. ಹದಿನಾರು ವರ್ಷದಲ್ಲಿ ತನ್ನ ಮುಂಗಟ್ಟೆಯ ಎದುರು ಯಾರೂ ಹೋಗ್ತೀನಿ ಅಂದಿರಲಿಲ್ಲ. ಅವಳು ಬಾಗಿದ ಬೆನ್ನನ್ನು ನೇರ ಮಾಡಲು ನೋಡಿದಳು, ಆಗಲಿಲ್ಲ. ಮೇಜಿನ ಅಂಚು ಬಿಟ್ಟರೆ ಬೀಳುತ್ತೇನೆ ಅನಿಸಿತು. ಅವರಿಗೂ ಹಾಗೆಯೇ ಅನಿಸಿತ್ತು ಎಂಬುದು ಆ ಬೆರಳುಗಳಿಗೆ ಗೊತ್ತಾಯಿತು, ತಲೆಗೆ ಗೊತ್ತಾಗುವ ಮುಂಚೆಯೇ. ಹೊಟ್ಟೆ ಸೀಳಬೇಕಮ್ಮ. ಅಕ್ಷರದ ಮಾತೇ ಅದು, ಅಕ್ಷರದ ಮಾತೇ. ಆದರೆ ಅವರು ಹೇಳುವಾಗ ಕರಪತ್ರವನ್ನು ನೋಡುತ್ತಿದ್ದರೋ ತನ್ನನ್ನು ನೋಡುತ್ತಿದ್ದರೋ? ಅವಳು ಗಡಿಯಾರ ನೋಡುತ್ತಿದ್ದಳು.

‘ಆಮೇಲೆ?’ ಎಂದಳು ನಾದಿನಿ.

‘ಆಮೇಲೆ ಏನಿಲ್ಲ. ಬ್ರೆಡ್ಡು ಮುಗಿದಿದೆ, ತರ್ತೀನಿ.’

ಅರ್ಧ ಬ್ರೆಡ್ಡು ಮೇಜಿನ ನಡುವೆಯೇ ಇತ್ತು. ಗಂಡ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಬಾಗಿಲವರೆಗೆ ಹಿಂದೆ ಬಂದು, ಒಳಗಿನವರಿಗೆ ಕೇಳದ ಹಾಗೆ, ‘ಏನಾಯ್ತೇ?’ ಎಂದ. ಅವಳು ಹೇಳಿದಳು. ಅವನು ಗಡ್ಡ ಕೆರೆದುಕೊಂಡ. ‘ನೀನೇನು ಡಾಕ್ಟರಾ? ಅವರಿಗೂ ಮನೆಯವರು ಮಠದವರು ಅಂತ ಯಾರಾದ್ರೂ ಇರ್ತಾರೆ. ಊಟದ ಮಧ್ಯೆ ಎದ್ದು ಹೋದ್ರೆ ಇವರೇನು ಅಂದ್ಕೋತಾರೆ?’ ಎಂದ. ಕೆಟ್ಟದಾಗಿ ಅನ್ನಲಿಲ್ಲ. ಅವನ ಲೋಕದಲ್ಲಿ ಒಂದು ಗೆರೆ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯುತ್ತದೆ. ‘ಹೌದು, ಯಾರಾದ್ರೂ ಇರ್ತಾರೆ,’ ಎಂದು ಅವಳು ಚಪ್ಪಲಿ ಹುಡುಕಿ, ಈ ಚಳಿಗೆ ಶೂ ಹಾಕಬೇಕೆಂದು ನೆನಪಾಗಿ, ಲೇಸು ಕಟ್ಟದೆಯೇ ಮೆಟ್ಟಿಲಿಳಿದಳು.

ಡಾಕ್ಟರ ಫೋನು ಆಫಾಗಿತ್ತು. ರಜೆಗೆ ಹೋಗುವಾಗ ಅವರೇ ಹೇಳಿದ್ದರು, ಹತ್ತು ದಿನ ನಾನು ಸತ್ತೆ ಅಂದ್ಕೊಳಿ ಎಂದು. ಅದಕ್ಕೂ ನಕ್ಕಿದ್ದಳು. ಬೀದಿಯಲ್ಲಿ ಅಂಗಡಿಗಳ ಕದ ಎಳೆದಿದ್ದರು. ಹೊಲಿಗೆಯವನ ಬಾಗಿಲಿಗೆ, ಕ್ಷೌರದಂಗಡಿಗೆ, ಪಾತ್ರೆ ಅಂಗಡಿಗೆ ಒಂದೇ ಬಗೆಯ ಚೀಟಿ ಅಂಟಿಸಿತ್ತು, ರಜೆ ಎಂದು. ಇಷ್ಟು ಬಾಗಿಲುಗಳು ಒಟ್ಟಿಗೆ ಮುಚ್ಚಿಕೊಂಡಾಗ ಊರು ಉಸಿರು ಬಿಗಿಹಿಡಿದಂತೆ ಕಾಣುತ್ತಿತ್ತು. ಮಂಜಿನಲ್ಲಿ ಎದುರಿಗೆ ಬಂದ ಒಬ್ಬ ಎತ್ತರದ ಮನುಷ್ಯನನ್ನು ಅವರೇ ಎಂದುಕೊಂಡಳು; ಹತ್ತಿರ ಬಂದಾಗ ಅದು ಏಣಿ ಹೊತ್ತುಕೊಂಡು ಹೋಗುವ ಬಣ್ಣ ಬಳಿಯುವವನು. ಕ್ಲಿನಿಕ್ಕಿನ ಬೀಗ ತೆಗೆಯಲು ಮೂರು ಸಲ ಕೀಲಿ ತಪ್ಪಿತು. ಒಳಗೆ ಫಿನೈಲಿನ ವಾಸನೆ ಚಳಿಗೆ ಹೆಪ್ಪುಗಟ್ಟಿ ನಿಂತಿತ್ತು. ಕುರ್ಚಿಗಳನ್ನು ತಾನೇ ತಲೆಕೆಳಗಾಗಿ ಒಂದರ ಮೇಲೊಂದು ಇಟ್ಟಿದ್ದಳು. ರೋಗಿಗಳ ಕಡತದ ಕಪಾಟನ್ನು ಡಾಕ್ಟರು ಹೇಳದೆ ತೆರೆಯಬಾರದು, ತೆರೆದರೂ ಓದಬಾರದು. ಹದಿನಾರು ವರ್ಷ ಒಂದು ಸಾಲೂ ಓದಿರಲಿಲ್ಲ, ಅದು ಅವಳ ಒಳಗಿನ ಹೆಮ್ಮೆ. ವಿಳಾಸ ಮಾತ್ರ ನೋಡುತ್ತೇನೆ ಎಂದುಕೊಂಡು ಕಡತ ತೆಗೆದಳು. ವಿಳಾಸ ಸಿಕ್ಕಿತು, ಫೋನು ನಂಬರೂ ಸಿಕ್ಕಿತು. ಆದರೆ ಕಣ್ಣು ಕೆಳಕ್ಕೆ ಜಾರಿ ಕೊನೆಯ ಸಾಲಿಗೆ ಹೋಗಿಬಿಟ್ಟಿತ್ತು. ‘ಒಂಟಿ. ಹಿಂದೊಮ್ಮೆ ಆತ್ಮಹತ್ಯೆಯ ಪ್ರಯತ್ನ, ಇಂಥದೇ ಚಳಿಗಾಲದಲ್ಲಿ. ರಜೆಗೆ ಮುಂಚೆ ತಪ್ಪದೆ ನೋಡಬೇಕು.’ ಡಾಕ್ಟರ ಅಕ್ಷರ. ‘ತಪ್ಪದೆ’ ಎಂಬುದರ ಕೆಳಗೆ ಗೆರೆ. ಡಾಕ್ಟರೂ ಮರೆತಿದ್ದರು. ತನ್ನೊಬ್ಬಳ ತಪ್ಪಲ್ಲ ಎಂಬ ಒಂದು ಹಗುರ ಎದೆಯೊಳಗೆ ಎದ್ದಿತು, ಮರುಗಳಿಗೆಯೇ ಆ ಹಗುರಕ್ಕೆ ಅವಳ ಕಿವಿ ಬಿಸಿಯಾಯಿತು.

ಕರಡು ತಿದ್ದುವವರ ನಂಬರಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮೂರನೆಯ ಸಲ, ರಿಂಗಾಗುವುದು ಒಂದು ಖಾಲಿ ಕೋಣೆಯಲ್ಲೋ ಖಾಲಿಯಲ್ಲದ ಕೋಣೆಯಲ್ಲೋ ಎಂದು ಯೋಚನೆ ಬಂದು ಫೋನು ಇಟ್ಟುಬಿಟ್ಟಳು. ಕರಪತ್ರದ ಅಡಿಯಲ್ಲಿ ದೊಡ್ಡಾಸ್ಪತ್ರೆಯ ನಂಬರಿತ್ತು, ರಜೆಯಲ್ಲೂ ಇರುತ್ತಾರೆ ಎಂದು ತಾನೇ ಟೈಪು ಮಾಡಿದ್ದಳು, ನಿಜವಾಗಿ ಇರುತ್ತಾರೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಲ್ಲಿಗೆ ಮಾಡಿದಾಗ ಎತ್ತಿದ್ದು ಒಬ್ಬ ಹೆಂಗಸು.

‘ನೀವು ಅವರಿಗೆ ಏನಾಗ್ಬೇಕು?’

‘ಏನೂ ಆಗ್ಬೇಕಿಲ್ಲ. ನಾನು ಚೀಟಿ ಕೊಡೋಳು.’

‘ಪ್ರಾಣ ಕಳ್ಕೊಳ್ಳೋ ಬಗ್ಗೆ ಅವರು ಏನಾದ್ರೂ ಅಂದ್ರಾ? ಯಾವ ಮಾತಲ್ಲಿ ಅಂದ್ರು, ಹಂಗೇ ಹೇಳಿ.’

‘ಹೊಟ್ಟೆ ಸೀಳಬೇಕು ಅಂದ್ರು.’

‘ಯಾರ ಹೊಟ್ಟೆ?’

‘ಅಕ್ಷರದ್ದು. ಬ ಅಕ್ಷರದ್ದು.’ ಅವಳು ಅವಸರವಸರವಾಗಿ ಹೇಳಿದಳು: ‘ಮತ್ತೆ, ಹೋಗ್ತೀನಿ ಅಂದ್ರು. ಬರ್ತೀನಿ ಅನ್ನಲಿಲ್ಲ.’

ಆ ದನಿ ಇದ್ದಕ್ಕಿದ್ದಂತೆ ಮೆದುವಾಯಿತು. ‘ಅಮ್ಮಾ, ನೀವು ಇವತ್ತು ಊಟ ಮಾಡಿದೀರಾ? ರಾತ್ರಿ ನಿದ್ದೆ ಸರಿಯಾಗಿ ಬಂತಾ? ನಿಮ್ಮ ಜೊತೆ ಈಗ ಯಾರಾದ್ರೂ ಇದಾರಾ?’

ಅವಳಿಗೆ ತಾನೇ ಎಷ್ಟೋ ಜನರನ್ನು ಈ ಮೆದು ದನಿಯಲ್ಲಿ ಮಾತಾಡಿಸಿದ್ದು ನೆನಪಾಗಿ ಮುಖಕ್ಕೆ ರಕ್ತ ನುಗ್ಗಿತು. ರೋಗಿ ತಾನಲ್ಲ ಎಂದು ಹೇಳಿದಷ್ಟೂ ರೋಗಿಯ ಹಾಗೆಯೇ ಕೇಳಿಸುತ್ತಿತ್ತು, ಎಲ್ಲರೂ ಅದನ್ನೇ ತಾನೇ ಹೇಳುವುದು. ಕೊನೆಗೆ ಕಡತದ ಸಾಲನ್ನು ಓದಿ ಹೇಳಿದಳು. ಆ ಹೆಂಗಸು ಈಗ ಬೇರೆಯೇ ದನಿಯಲ್ಲಿ, ಮನೆ ಹತ್ತಿರವಿದ್ದರೆ ಹೋಗಿ ನೋಡಿ, ಬಾಗಿಲು ತೆಗೆಯದಿದ್ದರೆ ಅಲ್ಲಿಂದಲೇ ಫೋನು ಮಾಡಿ, ಜನ ಕಳಿಸುತ್ತೇವೆ, ತೆಗೆದರೆ ಕರೆದುಕೊಂಡು ಬನ್ನಿ ಎಂದಳು. ‘ಒಬ್ಬರನ್ನೇ ಬಿಟ್ಟು ಬರ್ಬೇಡಿ,’ ಎಂದು ಎರಡು ಸಲ ಹೇಳಿದಳು.

ಮೂರನೆಯ ಮಹಡಿ. ಮೆಟ್ಟಿಲಿನ ಕಿಟಕಿಯೊಂದರ ಗಾಜು ಒಡೆದು, ಅಲ್ಲಿಗೆ ರಟ್ಟು ಬಡಿದಿದ್ದರು. ಅವರ ಬಾಗಿಲಿನ ಮುಂದೆ ಎರಡು ದಿನದ ಪತ್ರಿಕೆಗಳು ಸುರುಳಿ ಬಿಚ್ಚದೆ ಬಿದ್ದಿದ್ದವು. ಅಚ್ಚಾದ ಕಾಗದ ಕಂಡರೆ ಔಷಧದ ಚೀಟಿಯನ್ನೂ ಬಿಡದೆ ಓದುವ ಮನುಷ್ಯ. ಪಕ್ಕದ ಮನೆಯ ಬಾಗಿಲು ತೆರೆದು ಒದ್ದೆ ಕೈಯ ಹೆಂಗಸೊಬ್ಬಳು ಇಣುಕಿದಳು. ‘ನಿನ್ನೆಯಿಂದ ಕಂಡಿಲ್ಲ. ಮೊನ್ನೆಯಿಂದ ಅನ್ಸುತ್ತೆ. ಊರಿಗೆ ಹೋಗಿರ್ತಾರೆ ಅಂದ್ಕೊಂಡ್ವಿ, ರಜೆ ಅಲ್ವಾ. ನೀವು ತಂಗಿಯಾ?’ ‘ಹೂಂ,’ ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಪಕ್ಕದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೂ ಅದು ಅಲ್ಲೇ ನಿಂತಿತ್ತು. ಬಾಗಿಲು ಬಡಿದಳು. ಸದ್ದಿಲ್ಲ. ಮತ್ತೆ ಬಡಿದಳು. ಬಾಗಿಲಿನ ಹಸಿರು ಬಣ್ಣ ಎದ್ದು ಸುರುಳಿಯಾಗಿದ್ದ ಕಡೆಯೇ ಅವಳ ಕಣ್ಣು ನೆಟ್ಟಿತ್ತು. ಒಳಗೇನಿದೆ ಎಂದು ಮನಸ್ಸು ಒಂದು ಚಿತ್ರ ಬಿಡಿಸುತ್ತಿತ್ತು, ಅಳಿಸುತ್ತಿತ್ತು, ಮತ್ತೆ ಬಿಡಿಸುತ್ತಿತ್ತು. ಆಗ ಅವಳಿಗೆ ಅತ್ಯಂತ ಸರಳವಾದ ಯೋಚನೆಯೊಂದು ಬಂತು. ಈಗ ಇಳಿದು ಹೋಗಿಬಿಟ್ಟರೆ ಬಂದವಳು ಚೀಟಿ ಕೊಡುವವಳೆಂದು ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನ ಬಿಟ್ಟು ಯಾರೋ ನೋಡುತ್ತಾರೆ. ಕ್ಲಿನಿಕ್ಕು ತೆರೆದ ದಿನ ಡಾಕ್ಟರು ಸುದ್ದಿ ಹೇಳುತ್ತಾರೆ, ತಾನು ಬಾಯಿಗೆ ಸೆರಗು ಹಿಡಿದು ‘ಅಯ್ಯೋ ಪಾಪ, ಮೊನ್ನೆ ಬಂದಿದ್ರಲ್ಲಾ’ ಎನ್ನುತ್ತಾಳೆ. ಹಾಗೆ ಅನ್ನುವ ತನ್ನ ದನಿ, ದನಿಯ ಏರಿಳಿತ, ಅನ್ನುವಾಗ ಕತ್ತು ಎಷ್ಟು ವಾಲುತ್ತದೆ ಎನ್ನುವುದೂ ಅವಳಿಗೆ ಕಂಡಿತು. ಅಷ್ಟು ಚೆನ್ನಾಗಿ ಅವಳು ಯಾರನ್ನೂ ಅಣಕಿಸಿರಲಿಲ್ಲ. ಕಾಲು ನಿಜವಾಗಿಯೂ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಅವಳು ಮೇಲೆ ಬಂದು ಎರಡೂ ಅಂಗೈಯಿಂದ ಬಾಗಿಲನ್ನು ಬಡಿಯತೊಡಗಿದಳು, ಬಡಿಯುತ್ತಲೇ ಇದ್ದಳು.

ಒಳಗೆ ಕುರ್ಚಿ ಎಳೆದ ಸದ್ದಾಯಿತು. ತುಂಬ ಹೊತ್ತಿನ ಮೇಲೆ ಚಿಲಕ ಸರಿಯಿತು. ಕರಡು ತಿದ್ದುವವರು ಕೋಟು ಹಾಕಿಕೊಂಡೇ ಇದ್ದರು. ಗಡ್ಡ ಬೆಳೆದು, ಕಣ್ಣಿನ ಕೆಳಗೆ ಕಪ್ಪು ಇಳಿದು, ಒಂದು ಕಾಲಿಗೆ ಮಾತ್ರ ಕಾಲುಚೀಲ. ಅವಳನ್ನು ನೋಡಿದರು, ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

‘ರಜೆ ಮುಗೀತಾ?’ ಎಂದರು.

ಅಡಿಗೆಮನೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಒಂದು ಕುರ್ಚಿ ಇತ್ತು. ಎರಡು ದಿನದಿಂದ ಅಲ್ಲಿಯೇ ಕೂತಿದ್ದೆ ಎಂದರು, ಯಾರೋ ಕೇಳಿದ್ದಕ್ಕೆ ವಿಳಾಸ ಹೇಳುವವರಂತೆ. ಇನ್ನೊಂದು ಕುರ್ಚಿಯ ಮೇಲೆ ಪುಸ್ತಕಗಳಿದ್ದವು, ಎತ್ತಿ ಕೆಳಗಿಡಲು ಅವರಿಗೆ ಕೈ ಬರಲಿಲ್ಲ, ಅವಳೇ ಇಟ್ಟಳು. ಒಲೆ ಹಚ್ಚಿ ನೀರಿಟ್ಟಳು. ಡಾಕ್ಟರು ಹೊಸ ನರ್ಸುಗಳಿಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದಳು: ನೇರವಾಗಿ ಕೇಳಬೇಕು, ಕೇಳಿದ್ರೆ ಹುಟ್ಟಲ್ಲ, ಇರೋದು ಹೊರಗೆ ಬರುತ್ತೆ ಅಷ್ಟೇ. ಮೇಜಿನ ಈಚೆ ಕೂತು ಕೇಳಿಸಿಕೊಂಡಾಗ ಎಷ್ಟು ಸುಲಭ ಅನಿಸಿತ್ತು. ಈಗ ನೀರು ಕುದಿಯುವ ತನಕ ಒಲೆಯ ಮುಂದೆಯೇ ನಿಂತಳು. ಚಹಾದ ಪುಡಿ ಎಲ್ಲಿದೆ ಎಂದು ಕೇಳಿದಳು, ಸಕ್ಕರೆ ಎಷ್ಟು ಎಂದು ಕೇಳಿದಳು. ಲೋಟವನ್ನು ಅವರ ಎರಡೂ ಕೈಗಳ ನಡುವೆ ಇಟ್ಟು, ಅವರ ಮುಖ ನೋಡದೆ, ಲೋಟ ನೋಡುತ್ತ ಕೇಳಿದಳು: ‘ಸಾಯಬೇಕು ಅನ್ನಿಸ್ತಿದೆಯಾ ಸಾರ್?’

‘ಹೌದು,’ ಎಂದರು. ಅಷ್ಟು ಬೇಗ ಉತ್ತರ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಯಾರಾದರೂ ಕೇಳಲಿ ಎಂದು ಅದು ತುದಿನಾಲಗೆಯಲ್ಲೇ ಕಾದಿತ್ತು. ‘ಈ ಗಳಿಗೆ ಇಲ್ಲ. ಬಾಗಿಲು ಬಡಿಯೋ ಮುಂಚೆ ಇತ್ತು. ನಾಳೆ ಗೊತ್ತಿಲ್ಲ.’ ಚಹಾ ಕುಡಿಯದೆ ಹಿಡಿದುಕೊಂಡೇ ಮಾತಾಡಿದರು. ‘ಕೆಲಸ ಇದ್ದಾಗ ಏನಾಗಲ್ಲಮ್ಮ. ಬೆಳಗಿಂದ ಸಂಜೆ ತನಕ ಅಕ್ಷರ ನೋಡ್ತಾ ಇರ್ತೀನಿ, ತಪ್ಪು ಹುಡುಕ್ತಾ ಇರ್ತೀನಿ. ಅಚ್ಚುಕೂಟ ಮುಚ್ಚಿದ್ರೆ ಕಣ್ಣಿಗೆ ಕೆಲಸ ಇಲ್ಲ. ಅದು ಸುಮ್ನಿರಲ್ಲ. ಒಳಗಡೆ ತಿರುಗಿಕೊಳ್ಳುತ್ತೆ. ನಲವತ್ತೊಂಬತ್ತು ವರ್ಷದ್ದು ಬಿದ್ದಿದೆ ಅಲ್ಲಿ, ಒಂದು ಪುಟಾನೂ ಸರಿ ಇಲ್ಲ. ಅವತ್ತು ಡಾಕ್ಟರಿಗೆ ಇದನ್ನೇ ಹೇಳ್ಬೇಕು ಅಂತ ಬಂದೆ. ದಾರಿಯಲ್ಲೆಲ್ಲ ಮನಸ್ಸಲ್ಲೇ ತಿದ್ದಿ ತಿದ್ದಿ ಎರಡು ನಿಮಿಷಕ್ಕೆ ಇಳಿಸಿದ್ದೆ. ಯಾರಿಗೂ ತೊಂದರೆ ಆಗ್ಬಾರ್ದು ನೋಡಿ. ನೀವು ಗಡಿಯಾರ ನೋಡಿದ್ರಿ.’

‘ನೋಡ್ದೆ,’ ಎಂದಳು ಅವಳು. ‘ಡಾಕ್ಟರು ಒಳಗೇ ಇದ್ರು. ಹೇಳಿದ್ರೆ ಬರ್ತಿದ್ರು.’ ಅಷ್ಟಕ್ಕೇ ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. ಅಜ್ಜಿ ಪರದೆಯ ಹಿಂದಿನಿಂದ ಸರಿದು ಹೋಗುವಾಗ ಹಿಂದೆಯೇ ಓಡಿಹೋಗಿ ಏನಾದರೂ ಹೇಳಬೇಕಿತ್ತು. ಏನು ಎಂದು ಏಳು ವರ್ಷದವಳಿಗೆ ಗೊತ್ತಿರಲಿಲ್ಲ, ನಲವತ್ತೇಳರವಳಿಗೂ ಗೊತ್ತಿಲ್ಲ. ‘ಅದಷ್ಟೇ ಅಲ್ಲ ಸಾರ್. ಮನೆಗೆ ಹೋಗಿ ನಿಮ್ಮ ಥರ ಮಾಡಿ ತೋರಿಸ್ದೆ. ಎಲ್ಲರೂ ನಕ್ಕರು. ಇವತ್ತೂ ಮಾಡ್ದೆ, ಊಟಕ್ಕೆ ಕೂತಾಗ.’

ಅವರು ಮೊದಲ ಸಲ ಅವಳನ್ನು ನೇರವಾಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಒಂದು ತಪ್ಪು ಕಂಡಾಗ ಕಣ್ಣಿಗೆ ಬರುವ ಚುರುಕು. ‘ಮಾಡಿ ತೋರಿಸಿ,’ ಎಂದರು.

‘ಬೇಡ ಸಾರ್.’

‘ಮಾಡಿ. ನಾನು ಹೊರಗಡೆಯಿಂದ ಹೆಂಗೆ ಕಾಣ್ತೀನಿ ಅಂತ ನನಗೂ ಗೊತ್ತಿಲ್ಲ.’

ಅವಳು ಎದ್ದಳು. ಬಾಗಿಸಿದ ಬೆನ್ನು, ಎತ್ತಿದ ಬೆರಳು. ದನಿ ತೆಗೆದಾಗ ಅದು ಒಡೆಯಿತು, ಎರಡನೆಯ ಪದಕ್ಕೆ ಕಣ್ಣಿನಲ್ಲಿ ನೀರು ತುಂಬಿ ಎದುರಿಗಿದ್ದವರು ಕಾಣದಾದರು. ಆದರೂ ಕೊನೆಯ ತನಕ ಮಾಡಿದಳು, ಮೇಜಿನ ಅಂಚು ಹಿಡಿಯುವುದನ್ನೂ ಬಿಡಲಿಲ್ಲ. ಅವರು ಕರಡು ನೋಡುವ ಹಾಗೆ ತಲೆ ಓರೆ ಮಾಡಿ ಗಮನವಿಟ್ಟು ನೋಡಿದರು. ಮುಗಿದ ಮೇಲೆ, ‘ನನ್ನ ದನಿ ಅಷ್ಟು ಸಣ್ಣಗಿದೆಯಾ?’ ಎಂದರು.

‘ಇದೆ ಸಾರ್.’

‘ನನಗೆ ಗಡಸು ಅಂತಿತ್ತು.’ ಅವರ ಮುಖದಲ್ಲಿ ಏನೋ ಅಲುಗಿತು, ನಗುವೂ ಇರಬಹುದು, ಅಳುವೂ ಇರಬಹುದು. ಎರಡೂ ಆಗದೆ ಅಲ್ಲೇ ಉಳಿಯಿತು. ಚಹಾ ಬಾಯಿಗೆ ತಂದುಕೊಂಡು ಒಂದು ಗುಟುಕು ಕುಡಿದರು. ದೊಡ್ಡಾಸ್ಪತ್ರೆಗೆ ಹೋಗೋಣ ಎಂದಾಗ ವಾದ ಮಾಡಲಿಲ್ಲ, ಇನ್ನೊಂದು ಕಾಲುಚೀಲ ಎಲ್ಲಿದೆ ಎಂದು ಮಾತ್ರ ಕೇಳಿದರು. ಅದು ಎಲ್ಲಿಯೂ ಸಿಗಲಿಲ್ಲ. ಅವಳು ಅವರ ಟ್ರಂಕಿನಿಂದ ಬೇರೆ ಬಣ್ಣದ್ದೊಂದನ್ನು ತೆಗೆದುಕೊಟ್ಟಳು, ಅವರು ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡಿ, ತಿದ್ದದೆ ಬಿಟ್ಟರು.

ಬಸ್ಸಿನಲ್ಲಿ ಅವರನ್ನು ಕಿಟಕಿಯ ಕಡೆ ಕೂರಿಸಿದಳು, ಕೂರಿಸಿದ ಮೇಲೆ ಬಾಗಿಲ ಕಡೆಗಿಂತ ಅದೇ ಸರಿಯೇ ಎಂದು ಹೆದರಿದಳು. ಪ್ರತಿ ನಿಲ್ದಾಣದಲ್ಲೂ ಅವರ ಕೋಟಿನ ತುದಿಯನ್ನು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅವರಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವರಂತೆ ಹೊರಗೆ ನೋಡುತ್ತಿದ್ದರು. ಒಂದು ಕಡೆ, ಮಂಜಿನಲ್ಲಿ ತೇಲಿಬಂದ ಅಂಗಡಿಯ ಹಲಗೆಯೊಂದನ್ನು ಕಂಡು ಅವರ ತುಟಿ ಅಲುಗಿತು, ಅಲ್ಲೂ ಏನೋ ತಪ್ಪಿರಬೇಕು. ಆಸ್ಪತ್ರೆಯ ಪಡಸಾಲೆ ತುಂಬಿತ್ತು. ಇಷ್ಟು ಜನ ಎಲ್ಲಿದ್ದರು? ರಜೆಯೆಂದರೆ ಮನೆ ತುಂಬ ಜನ, ಸೂಪಿನ ಹಬೆ ಎಂದುಕೊಂಡಿದ್ದಳು. ಇಲ್ಲಿ ಕೂತವರೆಲ್ಲ ಸ್ವೆಟರಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು ನೆಲ ನೋಡುತ್ತಿದ್ದರು. ತನ್ನ ಮಗಳ ವಯಸ್ಸಿನ ಒಬ್ಬ ಹುಡುಗಿ ಅಪ್ಪನ ಹೆಗಲಿಗೆ ತಲೆಯಿಟ್ಟು ಕಣ್ಣು ತೆರೆದುಕೊಂಡೇ ಇದ್ದಳು. ಹುಡುಗಿಯಿಂದ ಕಣ್ಣು ತೆಗೆದು ಅವಳು ಬೇಗನೆ ಬೇರೆ ಕಡೆ ನೋಡಿದಳು. ಒಂದೂವರೆ ಗಂಟೆ ಕಾದರು. ಡ್ಯೂಟಿ ಡಾಕ್ಟರು ಅವರನ್ನು ಒಳಗೆ ಕರೆದು ಅರ್ಧ ಗಂಟೆ ಮಾತಾಡಿಸಿ, ಸೇರಿಸಿಕೊಳ್ಳುತ್ತೇವೆ ಎಂದರು. ವಾರ್ಡಿನ ಬಾಗಿಲಲ್ಲಿ ಒಬ್ಬ ನರ್ಸು ಅವರ ಬೆಲ್ಟು ತೆಗೆಸಿದಳು, ಶೂವಿನ ಲೇಸು ಬಿಚ್ಚಿಸಿದಳು, ಜೇಬಿಗೆ ಕೈಹಾಕಿ ಕೆಂಪು ಪೆನ್ಸಿಲನ್ನೂ ಎತ್ತಿಕೊಂಡಳು. ಅವರು ತಡೆಯಲಿಲ್ಲ, ಶಾಲೆಗೆ ಮೊದಲ ದಿನ ಬಂದ ಮಗುವಿನಂತೆ ಕೈಗಳನ್ನು ಸ್ವಲ್ಪ ಎತ್ತಿ ನಿಂತಿದ್ದರು. ಪ್ಯಾಂಟು ಸಡಿಲಾಗಿ ಒಂದು ಕೈಯಿಂದ ಹಿಡಿದುಕೊಳ್ಳಬೇಕಾಯಿತು. ಅವಳು ಗೋಡೆ ನೋಡಿದಳು. ನರ್ಸು ನಮೂನೆ ಮುಂದಿಟ್ಟಾಗ, ತುರ್ತಿಗೆ ಯಾರನ್ನು ಕರೆಯಬೇಕು ಎಂಬಲ್ಲಿ ತನ್ನ ನಂಬರು ಬರೆದಳು. ಬರೆಯುವಾಗ ಅಂಕಿಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡಳು, ತಪ್ಪಬಾರದೆಂದು.

‘ನೀವು ಮನೆಗೆ ಹೋಗಿ,’ ಎಂದರು ಅವರು, ‘ಊಟದ ಮಧ್ಯೆ ಎದ್ದು ಬಂದಿದೀರಿ.’

ಮನೆ ಮುಟ್ಟುವಾಗ ದೀಪ ಹಚ್ಚಿದ್ದರು. ನಾದಿನಿ, ಅವಳ ಗಂಡ ಹೋಗಿರಲಿಲ್ಲ, ಇಸ್ಪೀಟು ಹರಡಿಕೊಂಡು ಆಡದೆ ಕೂತಿದ್ದರು. ಗಂಡ ಸೂಪು ಬಿಸಿ ಮಾಡಿ ತಂದಿಟ್ಟ, ಬ್ರೆಡ್ಡು ಕೊಯ್ದು ಪಕ್ಕಕ್ಕೆ ಜೋಡಿಸಿದ, ಅವಳ ಶೂವಿನ ಬಿಚ್ಚಿದ ಲೇಸುಗಳನ್ನು ನೋಡಿ ಕೆಳಗೆ ಕೂತು ಶೂ ಬಿಚ್ಚಿದ. ಹದಿನಾರು ಸಂದೇಶ ಕಳಿಸಿದ್ದೆ, ಒಂದಕ್ಕಾದರೂ ಹೂಂ ಅನ್ನಬಾರದಿತ್ತೇ ಎಂದು ಮೇಜಿನ ಕೆಳಗಿನಿಂದ ಗೊಣಗಿದ. ಅವಳಿಗೆ ಹಸಿವಾಗಿತ್ತು. ಇಂಥ ಹೊತ್ತಿನಲ್ಲೂ ಹೊಟ್ಟೆ ಹೀಗೆ ಹಸಿಯುತ್ತದಲ್ಲ ಎಂದು ನಾಚಿಕೆಯಾಯಿತು, ಆದರೂ ಗಬಗಬನೆ ತಿಂದಳು. ಎಲ್ಲರೂ ಅವಳು ತಿನ್ನುವುದನ್ನೇ ನೋಡುತ್ತಿದ್ದರು.

‘ಅಮ್ಮ, ಅವರು ಇದಾರಾ?’ ಎಂದಳು ಮಗಳು. ಅವಳ ದನಿ ಸಣ್ಣಗಿತ್ತು.

‘ಇವತ್ತು ಇದಾರೆ.’

ಹೇಳಿದ ಮೇಲೆ ಆ ‘ಇವತ್ತು’ ಮೇಜಿನ ನಡುವೆ ಬಿದ್ದುಕೊಂಡಿತು. ಯಾರೂ ಅದನ್ನು ಮುಟ್ಟಲಿಲ್ಲ. ರಜೆ ಇನ್ನೂ ಆರು ದಿನ ಇತ್ತು. ಆಮೇಲೆ ಕಡತ ತೆರೆದದ್ದಕ್ಕೆ ಡಾಕ್ಟರಿಗೆ ಉತ್ತರ ಹೇಳಬೇಕು, ಡಾಕ್ಟರು ತನಗೂ ಒಂದು ಉತ್ತರ ಹೇಳಬೇಕು. ಮಗಳು ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತಳು. ಹಿಂದಿನಿಂದಲೇ ಕೈ ಚಾಚಿ ಅವಳ ಸ್ವೆಟರಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕತೊಡಗಿದಳು. ಅಷ್ಟರಲ್ಲಿ ತಟ್ಟೆಗಳ ನಡುವೆ ಫೋನು ಗುಂಯ್‌ಗುಟ್ಟತೊಡಗಿತು. ಗೊತ್ತಿಲ್ಲದ ನಂಬರು. ನಾದಿನಿ ಕೈಯಲ್ಲಿದ್ದ ಇಸ್ಪೀಟಿನ ಎಲೆಗಳನ್ನು ಕವುಚಿ ಹಾಕಿದಳು. ಫೋನು ತಾನೇ ತಾನಾಗಿ ಮೇಜಿನ ಅಂಚಿನ ಕಡೆಗೆ ಸರಿಯುತ್ತಿತ್ತು. ಎತ್ತದಿದ್ದರೆ ಏನನ್ನೂ ಕೇಳಬೇಕಾಗಿಲ್ಲ ಎಂದು ಅವಳ ಒಳಗೆ ಯಾರೋ ಹೇಳಿದರು. ಅವಳು ಎತ್ತಿದಳು.

‘ವಾರ್ಡಿನ ಫೋನು,’ ಎಂದಿತು ಆ ಸಣ್ಣ ದನಿ. ‘ಒಂದೇ ಒಂದು ಕರೆ ಮಾಡ್ಕೋಬಹುದು ಅಂದ್ರು. ಬೇರೆ ಯಾರ ನಂಬರೂ ನನಗೆ ಬಾಯಿಗೆ ಬರಲ್ಲ. ನೀವು ಬರೆಯುವಾಗ ಜೋರಾಗಿ ಹೇಳ್ಕೊಂಡ್ರಲ್ಲ, ಅದು ಉಳ್ಕೊಂಡಿತ್ತು.’ ಅವರ ಹಿಂದೆ ಯಾರೋ ಅಳುತ್ತಿದ್ದರು, ಯಾರೋ ಕೆಮ್ಮುತ್ತಿದ್ದರು. ‘ಇಲ್ಲಿ ದೀಪ ಆರಿಸಲ್ವಂತೆ ರಾತ್ರಿಯೆಲ್ಲಾ. ನನಗೆ ಭಯ ಆಗ್ತಿದೆಯಮ್ಮ.’

ಡಾಕ್ಟರಾದರೆ ಏನು ಹೇಳುತ್ತಿದ್ದರು ಎಂದು ಅವಳು ಹುಡುಕಿದಳು, ಸಿಗಲಿಲ್ಲ. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆ ಎಂದು ಗೊತ್ತಿತ್ತು.

‘ನನಗೂ ಆಗ್ತಿದೆ ಸಾರ್,’ ಎಂದಳು. ‘ಫೋನು ಇಡಬೇಡಿ, ಮಾತಾಡಿ.’